ಅಕ್ಕೋರನ್ನೇ ಕೇಳಿ: ಎರಡು ಬಸ್ಸಿನ ಊರಿನವರು ಹ್ಯಾಕಥಾನ್‌ಗೆ ಹೊರಟರೆ

ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಬರುವ ತಿಂಗಳು ಶನಿವಾರ-ಭಾನುವಾರ ‘ಸ್ಮಾರ್ಟ್ ಮೊಬಿಲಿಟಿ’ ಹ್ಯಾಕಥಾನ್ ಇದೆಯಂತೆ. ಜನರ ಓಡಾಟವನ್ನು ಸುಲಭ ಮಾಡುವಂಥದ್ದೇನನ್ನಾದರೂ ಎರಡು ದಿನದಲ್ಲಿ ಕಟ್ಟಿ ತೋರಿಸಬೇಕು. ಪೋಸ್ಟರ್ ನಮ್ಮ ಜಿಲ್ಲೆಯ ವಾಟ್ಸ್‌ಆ್ಯಪ್ ಗ್ರೂಪುಗಳನ್ನೆಲ್ಲ ಸುತ್ತಿರಬೇಕು, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಅದರ ಬಗ್ಗೆಯೇ. ಮಕ್ಕಳು ಬರೆದಿದ್ದಾರೆ, ಒಬ್ಬ ತಾಯಿ ಬರೆದಿದ್ದಾರೆ, ರಿಕ್ಷಾದವರೊಬ್ಬರೂ ಬರೆದಿದ್ದಾರೆ. ಡಿಪ್ಲೊಮಾ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು ನನ್ನ ಕೆಲಸ. ಇಂಥ ಕೂಟಗಳಿಗೆ ಅವರನ್ನು ಕರೆದುಕೊಂಡು ಹೋಗುವುದು, ಆಗೀಗ ಜಡ್ಜಿನ ಕುರ್ಚಿಯಲ್ಲಿ ಕೂರುವುದು ಎರಡೂ ನಡೆದಿದೆ. ಆದ್ದರಿಂದ ಅಂಕಣ ಪೂರ್ತಿ ಇದಕ್ಕೇ. ಸ್ಕಾಲರ್‌ಶಿಪ್, ಸಿಇಟಿ ಅಂತ ಕೇಳಿದವರು ಮುಂದಿನ ಸಂಚಿಕೆಯ ತನಕ ತಡೆದುಕೊಳ್ಳಿ.

ಪ್ರಶ್ನೆ: ಅಕ್ಕೋರೇ, ನಾವು ನಾಲ್ವರು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇವೆ. ಎಲ್ಲರ ಮನೆಯೂ ಶಿರಸಿಯಿಂದ ಒಳಗೆ, ಹಳ್ಳಿಗಳಲ್ಲಿ. ಹ್ಯಾಕಥಾನ್‌ಗೆ ಹೆಸರು ಕೊಟ್ಟಾಗಿದೆ. ಗೆಳೆಯನೊಬ್ಬ ‘ಎಐ ಹಾಕಿ ಬಸ್ಸಿನ ಲೈವ್ ಟ್ರ್ಯಾಕಿಂಗ್ ಆ್ಯಪ್ ಮಾಡೋಣ’ ಎಂದು ಹಟ ಹಿಡಿದಿದ್ದಾನೆ. ನನಗೆ ಧೈರ್ಯ ಸಾಲುತ್ತಿಲ್ಲ. ನಮ್ಮೂರಿಗೆ ಬರುವುದೇ ದಿನಕ್ಕೆರಡು ಬಸ್ಸು. ಮೆಟ್ರೊ, ಸಿಗ್ನಲ್ ನೋಡಿ ಬೆಳೆದವರಲ್ಲ ನಾವು. ಸಂಚಾರದ ಬಗ್ಗೆ ನಾವೇನು ಹೇಳುವುದು?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ತಂಗೀ, ಬೆಂಗಳೂರಿನಲ್ಲಿ ಬಸ್ಸು ತಪ್ಪಿದರೆ ಹತ್ತು ನಿಮಿಷ ಹೋಯಿತು. ನಿಮ್ಮೂರಿನಲ್ಲಿ ತಪ್ಪಿದರೆ ಆ ದಿನವೇ ಹೋಯಿತು. ಸಂಚಾರದ ಬಗ್ಗೆ ನಿಮಗೆ ಗೊತ್ತಿಲ್ಲ ಎಂದರೆ ಇನ್ಯಾರಿಗೆ ಗೊತ್ತು? ಹುಬ್ಬಳ್ಳಿ-ಧಾರವಾಡದ ತಂಡಗಳು ಚಿಗರಿ ಬಸ್ಸು, ಸಿಗ್ನಲ್ಲು, ಪಾರ್ಕಿಂಗು ಹಿಡಿದುಕೊಂಡು ಬರುತ್ತವೆ. ಅದು ಅವರ ಅಂಗಳ, ನೀವು ಅಲ್ಲಿಗೆ ಆಡಲು ಹೋಗಬೇಡಿ.

ಲೈವ್ ಟ್ರ್ಯಾಕಿಂಗ್ ಹಟದ ಗೆಳೆಯನಿಗೆ ಒಂದೇ ಪ್ರಶ್ನೆ ಕೇಳು: ಬಸ್ಸು ಎಲ್ಲಿದೆ ಎಂದು ನಿನಗೆ ಹೇಳುವವರು ಯಾರು? ಬಸ್ಸಿನಲ್ಲಿ ಜಿಪಿಎಸ್ ಉಪಕರಣ ಇದ್ದರೂ ಅದರ ಮಾಹಿತಿ ಹೋಗುವುದು ನಿಗಮದ ಸರ್ವರಿಗೆ, ನಿಮ್ಮ ಲ್ಯಾಪ್‌ಟಾಪಿಗಲ್ಲ. ದೆಹಲಿಯಲ್ಲಿ ಸಾರಿಗೆ ಇಲಾಖೆ ಮತ್ತು ಐಐಐಟಿ ಸೇರಿ 2018ರಲ್ಲಿ ಬಸ್ಸುಗಳ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟರು, ಅಲ್ಲಿನ ಮಕ್ಕಳು ಲೈವ್ ಅಂದರೆ ಅದಕ್ಕೊಂದು ಅರ್ಥವಿದೆ. ಹಾಗೆ ತೆರೆದಿಟ್ಟ ಮಾಹಿತಿ ಕೈಯಲ್ಲಿಲ್ಲದ ತಂಡ ಏನು ಮಾಡುತ್ತದೆ ಎಂದು ಜಡ್ಜಿನ ಕುರ್ಚಿಯಿಂದ ಕಂಡಿದ್ದೇನೆ. ಕೋಡಿನಲ್ಲಿ ತಾವೇ ನಾಲ್ಕು ಬಿಂದು ಬರೆದು ಮ್ಯಾಪಿನ ಮೇಲೊಂದು ಬಸ್ಸಿನ ಚಿತ್ರ ಓಡಿಸುತ್ತಾರೆ. ಅದು ಕೆರೆ, ಬೆಟ್ಟ, ಅಡಿಕೆ ತೋಟ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನೆಟ್ಟಗೆ ಹೋಗುತ್ತದೆ. ‘ಇದು ಯಾವ ಬಸ್ಸು?’ ಎಂದು ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪ್ರಯಾಣಿಕರ ಮೊಬೈಲಿನಿಂದ ಜಾಗ ತಿಳಿದುಕೊಳ್ಳೋಣವೆಂದರೆ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ದಟ್ಟ ಮರಗಳಡಿ ಜಿಪಿಎಸ್ ಬಿಂದುವೂ ಅತ್ತಿತ್ತ ಜಾರುತ್ತದೆ. ಮೇಲಾಗಿ ಒಬ್ಬರು ಎಲ್ಲಿದ್ದಾರೆ ಎನ್ನುವುದು ಅವರ ಖಾಸಗಿ ಮಾಹಿತಿ. 2023ರಲ್ಲಿ ಅದಕ್ಕೊಂದು ಕಾನೂನೇ ಬಂದಿದೆ. ಒಪ್ಪಿಗೆ ಕೇಳಿದಿರಾ ಎಂದು ಜಡ್ಜು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಏನು ಮಾಡಬಹುದು? ಬಸ್ಸು ಈಗ ಎಲ್ಲಿದೆ ಎನ್ನುವುದಕ್ಕೆ ಮೊದಲು, ಬಸ್ಸು ಇದೆಯೋ ಇಲ್ಲವೋ ಎನ್ನುವುದೇ ನಮ್ಮ ಕಡೆ ಬಗೆಹರಿದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪೇಂಟಿನಲ್ಲಿ ಬರೆದ ಬೋರ್ಡು ಇರುತ್ತದೆ. ಅದರ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ತಿದ್ದಿರುತ್ತಾರೆ. ಎರಡನ್ನೂ ನಂಬದೆ ಜನ ಕಂಟ್ರೋಲರ್ ಕಿಂಡಿಗೆ ಹೋಗಿ ‘ಅದು ಹೋಯ್ತಾ?’ ಎಂದು ಕೇಳುತ್ತಾರೆ. ಒಳಗಿನ ಊರಿನ ಸಮಯವಂತೂ ಕ್ರಾಸಿನ ಗೂಡಂಗಡಿಯವನ ತಲೆಯಲ್ಲಿ ಮಾತ್ರ ಇರುತ್ತದೆ. ಶಾಲೆಗೆ ರಜೆ ಇದ್ದರೆ ಸಂಜೆಯ ಬಸ್ಸು ಇಲ್ಲ, ವಸತಿ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಹೊರಡುತ್ತದೆ ಎನ್ನುವುದು ಅಂದಿನ ಡ್ರೈವರ್ ಮೇಲೆ, ಮಳೆಗಾಲದಲ್ಲಿ ಕೊನೆಯ ಎರಡು ಸ್ಟಾಪಿಗೆ ಬರುವುದಿಲ್ಲ. ಇಷ್ಟನ್ನೂ ಸರಿಯಾಗಿ ಬರೆದಿಟ್ಟ ಫೈಲು ಎಲ್ಲೂ ಇಲ್ಲ. ನೀವು ಮಾಡಬೇಕಾದದ್ದು ಅದನ್ನೇ.

ಅದಕ್ಕೊಂದು ಸಿದ್ಧ ರೂಪವಿದೆ, ಜಿಟಿಎಫ್‌ಎಸ್ ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್‌ನಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಎಂಬಾಕೆಗೆ ಕಾರಿನ ದಾರಿ ಮ್ಯಾಪಿನಲ್ಲಿ ಇಷ್ಟು ಸುಲಭವಾಗಿ ಸಿಗುವಾಗ ಬಸ್ಸಿನ ದಾರಿ ಯಾಕೆ ಸಿಗಬಾರದು ಎಂಬ ತಕರಾರಿತ್ತು. ಅವರು ಗೂಗಲ್‌ನವರನ್ನು ಹಿಡಿದರು. 2005ರಲ್ಲಿ ಇದು ಹುಟ್ಟಿದ್ದು ಹಾಗೆ. ನೋಡಿದರೆ ಮಹಾ ವಿದ್ಯೆಯೇನಲ್ಲ, ಎಕ್ಸೆಲ್ಲಿನಲ್ಲಿ ತೆರೆಯಬಹುದಾದ ಕೆಲವು ಫೈಲುಗಳು. ಒಂದರಲ್ಲಿ ಸ್ಟಾಪುಗಳು, ಒಂದರಲ್ಲಿ ರೂಟುಗಳು, ಒಂದರಲ್ಲಿ ಟ್ರಿಪ್ಪುಗಳು, ಇನ್ನೊಂದರಲ್ಲಿ ಯಾವ ಟ್ರಿಪ್ಪು ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಎಂಬುದು. ಯಾವ ವಾರ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಎನ್ನುವುದಕ್ಕೆ ಬೇರೆ ಕ್ಯಾಲೆಂಡರ್ ಫೈಲು.

ನನಗೆ ಈ ರೂಪ ಇಷ್ಟವಾಗುವುದು ಅದರ ಸಣ್ಣ ಕಾಲಂಗಳಿಂದ. ನಮ್ಮ ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದೆಯೇ? ಕೈ ಮಾಡಿದಲ್ಲಿ ನಿಲ್ಲುತ್ತದೆ, ದಣಪೆಯ ಎದುರೇ ಇಳಿಸಿ ಹೋಗುತ್ತದೆ. ಪಟ್ಟಣದವರು ಮಾಡಿದ ಫಾರ್ಮಿನಲ್ಲಿ ಇದಕ್ಕೆಲ್ಲ ಎಲ್ಲಿ ಜಾಗ ಅಂದುಕೊಳ್ಳುತ್ತೀರಿ, ಆದರೆ ಇದೆ. ‘ಕಂಟಿನ್ಯುಯಸ್ ಪಿಕಪ್’ ಎಂಬ ಕಾಲಂನಲ್ಲಿ 0 ಹಾಕಿದರೆ ದಾರಿಯುದ್ದಕ್ಕೂ ಹತ್ತಬಹುದು ಎಂದರ್ಥ, 3 ಹಾಕಿದರೆ ಡ್ರೈವರ್ ಹತ್ತಿರ ಮಾತಾಡಿಕೊಳ್ಳಬೇಕು ಎಂದರ್ಥ! ‘ಟೈಮ್‌ಪಾಯಿಂಟ್’ ಕಾಲಂನಲ್ಲಿ 0 ಹಾಕಿದರೆ ಈ ಸಮಯ ಅಂದಾಜು ಎಂದು ಒಪ್ಪಿಕೊಂಡ ಹಾಗೆ. ನಮ್ಮ ಒಳ ಊರುಗಳಿಗೆಲ್ಲ ಆ 0 ಬೇಕು. ರಾತ್ರಿ ಒಂಬತ್ತೂವರೆಗೆ ಶಿರಸಿ ಬಿಡುವ ಬೆಂಗಳೂರು ಬಸ್ಸು ಬೆಳಗಿನ ಆರಕ್ಕೆ ತಲುಪಿದರೆ 06:00:00 ಎಂದು ಬರೆಯುವ ಹಾಗಿಲ್ಲ, 30:00:00 ಎಂದೇ ಬರೆಯಬೇಕು, ಏಕೆಂದರೆ ಅದು ಹೊರಟ ದಿನದ ಲೆಕ್ಕ. ಇಲ್ಲಿ ಎಡವದ ತಂಡವನ್ನು ನಾನು ಇನ್ನೂ ನೋಡಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಬಿಡುವ ವಿಶೇಷ ಬಸ್ಸುಗಳಿಗೆ ‘ಈ ತಾರೀಖಿಗೆ ಮಾತ್ರ’ ಎನ್ನುವ ಮತ್ತೊಂದು ಫೈಲಿದೆ.

ಫೈಲು ಮಾಡಿದರಷ್ಟೇ ಬಹುಮಾನ ಬರುವುದಿಲ್ಲ, ಅದರಿಂದ ಒಂದು ಪ್ರಶ್ನೆಗೆ ಉತ್ತರ ತೆಗೆಯಬೇಕು. ನಾನಾದರೆ ತೆಗೆಯುವುದು ಇದನ್ನು: ಬೆಳಗಿನ ಬಸ್ಸಿಗೆ ಊರು ಬಿಟ್ಟು ಕೊನೆಯ ಬಸ್ಸಿಗೆ ಮನೆ ಸೇರಬೇಕಾದ ಅಜ್ಜಿಗೆ ಶಿರಸಿ ಪೇಟೆಯಲ್ಲಿ ಸಿಗುವ ಹೊತ್ತೆಷ್ಟು? ಡಾಕ್ಟರ ಸರತಿ, ರಕ್ತ ಪರೀಕ್ಷೆಯ ರಿಪೋರ್ಟು, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲ ಆ ಹೊತ್ತಿನೊಳಗೆ ಮುಗಿಯಬೇಕು. ಒಂದೊಂದು ಊರಿಗೂ ಈ ಅವಧಿ ಲೆಕ್ಕ ಹಾಕಿ ಮ್ಯಾಪಿನಲ್ಲಿ ಬಣ್ಣ ತುಂಬಿ. ಆರು ತಾಸು ಸಿಗುವ ಊರು ಹಸಿರು, ಎರಡು ತಾಸೂ ಸಿಗದ್ದು ಕೆಂಪು. ಆಮೇಲೆ ಒಂದು ಬಸ್ಸಿನ ಹೊರಡುವ ಸಮಯವನ್ನು ಅರ್ಧ ತಾಸು ಹಿಂದೆ ಮುಂದೆ ಮಾಡಿ, ಎಷ್ಟು ಕೆಂಪು ಊರುಗಳ ಬಣ್ಣ ಬದಲಾಗುತ್ತದೆ ಎಂದು ಜಡ್ಜಿನ ಎದುರೇ ತೋರಿಸಿ. ಹೊಸ ಬಸ್ಸು ಕೊಡಿ ಎಂದರೆ ಯಾವ ಅಧಿಕಾರಿಯೂ ನಗುತ್ತಾರೆ. ಇರುವ ಬಸ್ಸನ್ನೇ ಇಪ್ಪತ್ತು ನಿಮಿಷ ತಡವಾಗಿ ಬಿಡಿ ಎಂದು ಮ್ಯಾಪು ಮುಂದಿಟ್ಟರೆ ಕೇಳಿಸಿಕೊಳ್ಳುತ್ತಾರೆ. ಇಡೀ ತಾಲೂಕು ಬೇಡ, ಒಂದೇ ರೂಟು ಹಿಡಿಯಿರಿ. ಎರಡು ದಿನಕ್ಕೆ ಅದು ಧಾರಾಳ.

ಮಾಹಿತಿಯನ್ನು ಮೊದಲೇ ಕೂಡಿಸಿಟ್ಟುಕೊಳ್ಳಿ. ಕೋಡು ಮುಂಚೆ ಬರೆಯಬಾರದು ಎನ್ನುವ ಹ್ಯಾಕಥಾನ್‌ಗಳಲ್ಲೂ ಮಾಹಿತಿ ತರಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ಆಯೋಜಕರಿಗೊಂದು ಮೇಲ್ ಹಾಕಿ ಕೇಳಿಬಿಡಿ. ಆ ರೂಟಿನ ಬಸ್ಸಿನಲ್ಲಿ ತುದಿಯಿಂದ ತುದಿಗೆ ಹೋಗಿ. ಮೊಬೈಲಿನಲ್ಲಿ ಪ್ರತಿ ಸ್ಟಾಪಿನ ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ. ದಶಮಾಂಶದ ನಂತರ ಐದು ಅಂಕಿ ಸಾಕು, ಐದನೆಯದಕ್ಕೆ ನೆಲದ ಮೇಲೆ ಸುಮಾರು ಒಂದು ಮೀಟರಿನ ಬೆಲೆ. ಕಂಡಕ್ಟರ್‌ಗೆ ಯಾಕೆ ಬರೆದುಕೊಳ್ಳುತ್ತಿದ್ದೀರಿ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಚೆಕಿಂಗಿನವರು ಅಂದುಕೊಳ್ಳುತ್ತಾರೆ.

ಎಐ ಹಟದ ಗೆಳೆಯನಿಗೂ ಕೆಲಸವಿದೆ: ಬೋರ್ಡಿನ ಫೋಟೊದಿಂದ ಸಮಯಗಳನ್ನು ಓದಿಸುವುದು. ಓದಿಸಿದ್ದನ್ನು ನೀನು ಬೋರ್ಡಿನ ಎದುರು ನಿಂತು ತಾಳೆ ನೋಡು.

ಪ್ರಶ್ನೆ: ನಮಸ್ಕಾರ. ಮಗಳು ಬಿಸಿಎ ಓದುತ್ತಾಳೆ. ಹ್ಯಾಕಥಾನ್ ಅಂತೆ, ಶನಿವಾರ ರಾತ್ರಿ ಅಲ್ಲೇ ಇರಬೇಕಂತೆ, ತಂಡದಲ್ಲಿ ಹುಡುಗರೂ ಇದ್ದಾರಂತೆ. ಮನೆಯಲ್ಲಿ ಅವಳ ಅಪ್ಪ ಬೇಡ ಅನ್ನುತ್ತಾರೆ. ಹೋಗಿ ಬಂದರೆ ನೌಕರಿ ಸಿಗುತ್ತದಾ? ಸಿಗದಿದ್ದರೆ ಯಾಕೆ ಹೋಗಬೇಕು?
– ತಾಯಿ, ಕಾರವಾರ

ಉತ್ತರ: ಅಕ್ಕಾ, ನೌಕರಿ ಸಿಗುವುದಿಲ್ಲ. ಇಷ್ಟು ನೇರ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಪ್ರಮಾಣಪತ್ರ ಒಂದು ಸಿಗುತ್ತದೆ, ಟೀ ಶರ್ಟು ಒಂದು ಸಿಗುತ್ತದೆ. ಆದರೆ ಮುಂದೆ ಇಂಟರ್‌ವ್ಯೂಗೆ ಕೂತಾಗ ‘ನೀನೇನು ಮಾಡಿದ್ದೀಯಾ?’ ಎಂದರೆ ಪಠ್ಯದ ಪ್ರಾಜೆಕ್ಟನ್ನು ಎಲ್ಲರೂ ಹೇಳುತ್ತಾರೆ, ಇವಳ ಹತ್ತಿರ ಬೇರೆ ಕತೆ ಇರುತ್ತದೆ. ಅಪರಿಚಿತರ ಎದುರು ಐದು ನಿಮಿಷ ತಡವರಿಸದೆ ಮಾತಾಡುವುದು ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟ ಎಂದು ಪಾಠ ಮಾಡುವ ನನಗೆ ಗೊತ್ತು. ಕ್ಲಾಸಿನಲ್ಲಿ ಅದನ್ನು ಕಲಿಸಲು ನನ್ನಿಂದ ಆಗಿಲ್ಲ.

ರಾತ್ರಿಯ ಬಗ್ಗೆ ನಿಮ್ಮ ಮನೆಯವರು ಕೇಳುವುದರಲ್ಲಿ ತಪ್ಪಿಲ್ಲ. ಕೋಪದಲ್ಲಿ ಬೇಡ ಅನ್ನುವ ಬದಲು ಆಯೋಜಕರಿಗೆ ಫೋನ್ ಮಾಡಿ ಕೇಳಿಸಿ: ಹುಡುಗಿಯರಿಗೆ ಮಲಗಲು ಬೇರೆ ಕೋಣೆ, ಒಳಗಿನಿಂದ ಚಿಲಕ, ರಾತ್ರಿಯಿಡೀ ಇರುವ ಮಹಿಳಾ ಸಿಬ್ಬಂದಿ, ಕೋಣೆಯ ಹತ್ತಿರವೇ ಶೌಚಾಲಯ. ಸರಿಯಾಗಿ ನಡೆಸುವವರು ಈ ನಾಲ್ಕಕ್ಕೂ ತಟ್ಟನೆ ಉತ್ತರ ಕೊಡುತ್ತಾರೆ. ‘ಅದೆಲ್ಲ ಆಗುತ್ತೆ ಮೇಡಂ’ ಎಂದರೆ ಕಳಿಸಬೇಡಿ, ನಾನೂ ಕಳಿಸುವುದಿಲ್ಲ. ಇನ್ನೊಂದು, ಬಹುಮಾನ ವಿತರಣೆ ಭಾನುವಾರ ಸಂಜೆ ಎಳೆಯುತ್ತದೆ, ಮಂತ್ರಿಗಳು ಬರುವುದಾದರೆ ಇನ್ನೂ ಎಳೆಯುತ್ತದೆ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಬರಬೇಕಲ್ಲ, ಯಾವ ಬಸ್ಸಿಗೆ ಬರುತ್ತಾಳೆ ಎಂದು ಶುಕ್ರವಾರವೇ ನಿಶ್ಚಯ ಮಾಡಿಕೊಳ್ಳಿ. ತಂಡದಲ್ಲಿ ಹುಡುಗರಿರುವುದಕ್ಕೆ ಹೆದರಬೇಡಿ. 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರ ತಂಡಕ್ಕೆ ಒಬ್ಬಳಾದರೂ ಹುಡುಗಿ ಇರಲೇಬೇಕು ಎಂದು ನಿಯಮವಿದೆ. ಆ ನಿಯಮಕ್ಕಾಗಿ ಹೆಸರು ಮಾತ್ರ ಸೇರಿಸಿ ಸ್ಲೈಡಿಗೆ ಬಣ್ಣ ಹಚ್ಚುವ ಕೆಲಸ ಕೊಡುತ್ತಾರೋ, ಕೋಡು ಬರೆಯಲು ಬಿಡುತ್ತಾರೋ ಎಂದು ಮಗಳನ್ನು ಕೇಳಿ. ನನ್ನ ಚಿಂತೆ ಅದು.

ಪ್ರಶ್ನೆ: ಅಕ್ಕೋರೇ, ನಾನು ಕುಮಟಾ ರೈಲ್ವೆ ಸ್ಟೇಷನ್ನಿನಲ್ಲಿ ರಿಕ್ಷಾ ಹೊಡೆಯುವವ. ಕಾಲೇಜು ಮಕ್ಕಳು ಆಗಾಗ ಬರ್ತಾರೆ, ದಿನಕ್ಕೆಷ್ಟು ಬಾಡಿಗೆ, ಎಷ್ಟು ಖಾಲಿ ಓಡ್ತದೆ ಅಂತ ಬರ್ಕೊಂಡು, ಫೋಟೊ ತೆಗ್ದು ಹೋಗ್ತಾರೆ. ಮತ್ತೆ ಮುಖ ತೋರ್ಸೂದಿಲ್ಲ ಮಾರಾಯ್ರೆ. ಈ ಹ್ಯಾಕಥಾನಿನಿಂದ ನಮಗೇನಾದ್ರೂ ಉಪಯೋಗ ಉಂಟಾ?
– ರಿಕ್ಷಾ ಚಾಲಕ, ಕುಮಟಾ

ಉತ್ತರ: ಅಣ್ಣಾ, ಈ ಪತ್ರವನ್ನು ನನ್ನ ಮಕ್ಕಳಿಗೆ ಕ್ಲಾಸಿನಲ್ಲಿ ಓದಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಉಪಯೋಗ ಆಗಬೇಕಾದರೆ ರಿಕ್ಷಾದವರು ಮಾಹಿತಿ ಕೊಡುವುದಕ್ಕಷ್ಟೇ ಇರಬಾರದು. ಬೆಂಗಳೂರಿನಲ್ಲಿ 2022ರಲ್ಲಿ ಬಂದ, ಆಟೊ ಕರೆಸುವ ‘ನಮ್ಮ ಯಾತ್ರಿ’ ಆ್ಯಪ್ ನೆಲೆ ನಿಂತದ್ದು ಯಾಕೆ? ಆಟೊ ಚಾಲಕರ ಸಂಘ ಮೊದಲಿನಿಂದ ಒಳಗಿತ್ತು. ಬಾಡಿಗೆಯಲ್ಲಿ ಪಾಲು ಕೀಳುವ ಬದಲು ಸಣ್ಣ ಚಂದಾ ಇಟ್ಟರು. ಕೋಡನ್ನೂ ಬಚ್ಚಿಡಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಚಾಲಕನಿಗೆ ಏನು ಉಳಿಯುತ್ತದೆ ಎನ್ನುವ ಲೆಕ್ಕ ಮೊದಲು, ಆ್ಯಪ್ ಆಮೇಲೆ.

ಕುಮಟಾದಲ್ಲಿ ಅಂಥ ಆ್ಯಪ್ ಬೇಕಿಲ್ಲ, ಸ್ಟ್ಯಾಂಡಿನಲ್ಲಿ ಕೂಗಿದರೆ ರಿಕ್ಷಾ ಸಿಗುತ್ತದೆ. ನಿಮ್ಮ ಕಷ್ಟ ಬೇರೆ. ಜೂನ್‌ನಿಂದ ಅಕ್ಟೋಬರ್ ತನಕ ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆಯೇ ಇರುತ್ತದೆ, ಗುಡ್ಡ ಜರಿಯುವ ಭಯಕ್ಕೆ ಗಾಡಿಯ ವೇಗ ತಗ್ಗಿಸುತ್ತಾರೆ. ಬಸ್ಸಿನವರ ವೇಳಾಪಟ್ಟಿ ಮಾತ್ರ ಬೇಸಿಗೆಯದ್ದೇ. ರೈಲು ಇಳಿದವರು ನಿಮ್ಮ ರಿಕ್ಷಾ ಹತ್ತಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಶಿರಸಿ ಬಸ್ಸು ಹೋಗಿರುತ್ತದೆ, ಬೈಗುಳ ನಿಮಗೆ ಬೀಳುತ್ತದೆ. ನನ್ನ ತವರು ಘಟ್ಟದ ಮೇಲೆ, ಬಾಳಂತನಕ್ಕೆ ಹೋದಾಗಿನಿಂದ ಇದನ್ನು ನೋಡುತ್ತಿದ್ದೇನೆ. ಎರಡೂ ವೇಳಾಪಟ್ಟಿ ಅಕ್ಕಪಕ್ಕ ಇಟ್ಟು ಯಾವ ರೈಲಿಗೆ ಯಾವ ಬಸ್ಸು ಸಿಗುತ್ತದೆ, ಯಾವುದು ಐದು ನಿಮಿಷದಲ್ಲಿ ತಪ್ಪುತ್ತದೆ ಎಂದು ತೋರಿಸುವುದು ಎರಡು ದಿನದ ಕೆಲಸ. ಮುಂದಿನ ಸಲ ಮಕ್ಕಳು ಬಂದರೆ ಬಾಡಿಗೆ ಲೆಕ್ಕ ಹೇಳಬೇಡಿ, ಇದನ್ನು ಹೇಳಿ. ಮಾಡಿದ್ದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ರಿಕ್ಷಾ ಸ್ಟ್ಯಾಂಡಿನಲ್ಲಿ ಅಂಟಿಸುವ ತನಕ ಫೋಟೊಕ್ಕೆ ನಿಲ್ಲುವುದಿಲ್ಲ ಅನ್ನಿ.

ಪ್ರಶ್ನೆ: ಶಿರೂರಿನ ಗುಡ್ಡ ಕುಸಿತ ನಮ್ಮ ಮನೆಗೆ ಹತ್ತಿರದಲ್ಲೇ ಆದದ್ದು. ಮಳೆಯ ಲೆಕ್ಕ ನೋಡಿ ಗುಡ್ಡ ಕುಸಿಯುವ ಮುನ್ಸೂಚನೆ ಕೊಡುವ ಆ್ಯಪ್ ಮಾಡಬೇಕು ಅಂತ ನಮ್ಮ ತಂಡಕ್ಕೆ ಆಸೆ. ಸಾಧ್ಯವೇ?
– ಬಿಇ ವಿದ್ಯಾರ್ಥಿ, ಅಂಕೋಲಾ

ಉತ್ತರ: ತಮ್ಮಾ, ಆಸೆಯ ಮೂಲ ಅರ್ಥವಾಗುತ್ತದೆ. 2024ರ ಜುಲೈ 16ರಂದು ಆ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಚಾ ಅಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿದ ಸುದ್ದಿ ಬಂದಾಗ ನಾನು ಶಾಲೆಗೆ ಹೊರಟಿದ್ದ ಪಕ್ಕದ ಮನೆಯ ಮಕ್ಕಳನ್ನು ತಡೆದು ನಿಲ್ಲಿಸಿದ್ದೆ. ಆದರೂ ಹೇಳುತ್ತೇನೆ, ಮುನ್ಸೂಚನೆ ಮಾಡಬೇಡಿ. ಅದಕ್ಕೆ ಮಣ್ಣಿನ ಪದರ, ಇಳಿಜಾರು, ಒಳಗಿನ ನೀರು, ರಸ್ತೆಗಾಗಿ ಕಡಿದ ಕೋನ ಎಲ್ಲ ಬೇಕು. ವರ್ಷಗಟ್ಟಲೆ ಅಳತೆ ಬೇಕು. ಎರಡು ದಿನದಲ್ಲಿ ಮಾಡಿದ ಆ್ಯಪ್ ‘ಇವತ್ತು ಭಯವಿಲ್ಲ’ ಎಂದು ಹಸಿರು ತೋರಿಸಿ, ಅದನ್ನು ನಂಬಿ ಒಬ್ಬರು ಹೊರಟರೂ ಮುಗಿಯಿತು.

ನಿಮ್ಮ ಕೈಗೆ ಎಟುಕುವುದು ಇನ್ನೊಂದಿದೆ. ರಸ್ತೆ ಕಡಿದುಹೋದ ಮೇಲೆ ಏನು? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಜಿಲ್ಲೆಯ ರಸ್ತೆಗಳಿವೆ, ಉಚಿತ. ಪೈಥಾನ್‌ನ ‘ಓಎಸ್‌ಎಂಎನ್‌ಎಕ್ಸ್’ ಎಂಬ ಲೈಬ್ರರಿ ಅವನ್ನು ಗಂಟು-ಕೊಂಡಿಗಳ ಜಾಲವಾಗಿ ಕೊಡುತ್ತದೆ, ರಸ್ತೆಗಳು ಕೂಡುವ ಜಾಗ ಗಂಟು, ನಡುವಿನ ರಸ್ತೆ ಕೊಂಡಿ. ಒಂದು ಕೊಂಡಿ ಕಿತ್ತುಹಾಕಿ. ಶಿರೂರಿನ ಹತ್ತಿರ ಹೆದ್ದಾರಿ ಕಿತ್ತರೆ ಅಂಕೋಲಾದಿಂದ ಕುಮಟಾಕ್ಕೆ ಆ್ಯಂಬುಲೆನ್ಸು ಎಷ್ಟು ಕಿಲೋಮೀಟರ್ ಸುತ್ತಬೇಕು? ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಮುರಿದುಬಿತ್ತು, ಪಕ್ಕದಲ್ಲಿ ಹೊಸದು ಇದ್ದದ್ದಕ್ಕೆ ಬಚಾವಾದೆವು. ಹೊಸದನ್ನೂ ಕಿತ್ತು ನೋಡಿ, ಸದಾಶಿವಗಡದ ಹುಡುಗಿ ಕಾರವಾರದ ಕಾಲೇಜಿಗೆ ಹೇಗೆ ಬರುತ್ತಾಳೆ? ಅಣಶಿ, ಅರಬೈಲ್, ದೇವಿಮನೆ, ಗೇರುಸೊಪ್ಪ, ಒಂದೊಂದೇ ಘಟ್ಟ ಮುಚ್ಚುತ್ತ ಹೋಗಿ. ಯಾವುದು ಮುಚ್ಚಿದರೆ ಹೆಚ್ಚು ಊರುಗಳಿಗೆ ದೊಡ್ಡಾಸ್ಪತ್ರೆ ದೂರವಾಗುತ್ತದೆ ಎಂಬ ಪಟ್ಟಿ ಬರುತ್ತದೆ. ಆದರೆ ಗಮನವಿಡಿ, ಕಂಪ್ಯೂಟರ್ ತೋರಿಸುವ ಸುತ್ತುದಾರಿ ಜೀಪು ಮಾತ್ರ ಹೋಗುವ ಕಾಡುದಾರಿಯಾಗಿರಬಹುದು. ಮಳೆಗಾಲದಲ್ಲಿ ಅಲ್ಲಿ ಬಸ್ಸು ಹೋಗುತ್ತದೆಯೇ ಎಂದು ಊರಿನವರಿಗೆ ಫೋನ್ ಮಾಡಿ ಕೇಳಿ, ಹೋಗದಿದ್ದರೆ ಜಾಲದಿಂದ ತೆಗೆಯಿರಿ. ಹಾಗೆ ತೆಗೆದ ದಾರಿಗಳನ್ನು ಬಿಡದೆ ಡೆಮೊದಲ್ಲಿ ತೋರಿಸಿ. ಬೆಂಗಳೂರಿನ ತಂಡಕ್ಕೆ ಅದು ಆಗದ ಕೆಲಸ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಹೋಗಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಹೊನ್ನಾವರ

ಉತ್ತರ: ಧಾರಾಳವಾಗಿ. ಮೇಲೆ ಹೇಳಿದ ಯಾವ ಕೆಲಸಕ್ಕೂ ದೊಡ್ಡ ಯಂತ್ರ ಬೇಡ, ಇಡೀ ರಾಜ್ಯದ ಮ್ಯಾಪು ತೆರೆಯಬೇಡ ಅಷ್ಟೆ. ಬೇಕಾದ ಪ್ಯಾಕೇಜು, ನಿಮ್ಮ ತಾಲೂಕಿನ ಮ್ಯಾಪಿನ ತುಂಡು ಮನೆಯಲ್ಲೇ ಇಳಿಸಿಕೊಂಡು ಹೋಗು. ನೂರಾರು ಮಕ್ಕಳು ಒಂದೇ ವೈಫೈಗೆ ಜೋತುಬಿದ್ದಾಗ ಏನೂ ಇಳಿಯುವುದಿಲ್ಲ. ಡೆಮೊ ಓಡುವುದನ್ನು ಮೊದಲೇ ವಿಡಿಯೊ ಮಾಡಿಟ್ಟುಕೊ. ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದುಕೊಂಡು ಹೋದವನಿಗೆ ಅಲ್ಲಿ ಅರ್ಧ ತಾಸಿನಲ್ಲಿ ಗೆಳೆಯರಾಗುತ್ತಾರೆ.

ಕನ್ನಡದ ಫೈಲುಗಳ ಬಗ್ಗೆ ಒಂದು ಎಚ್ಚರಿಕೆ. ಕಚೇರಿಯಿಂದ ವೇಳಾಪಟ್ಟಿ ಸಿಕ್ಕರೆ ಅದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಸಾಧ್ಯತೆಯೇ ಹೆಚ್ಚು. ನೋಡಲು ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ಗುರುತುಗಳ ಸಾಲು. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಮೊದಲೇ ಹುಡುಕಿಟ್ಟುಕೊ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು, ಅದರಲ್ಲೂ ಅರ್ಕಾವೊತ್ತನ್ನು ಕಣ್ಣಿಟ್ಟು ನೋಡು.

ಪ್ರಶ್ನೆ: ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಿ ಹೇಳಿದರೆ ಮಾರ್ಕ್ಸ್ ಕಡಿಮೆ ಮಾಡುತ್ತಾರಾ?
– ವಿದ್ಯಾರ್ಥಿ, ಯಲ್ಲಾಪುರ

ಉತ್ತರ: ನಾನು ಕೂತಲ್ಲಿ ಮಾಡಿಲ್ಲ. ಜಡ್ಜುಗಳಲ್ಲಿ ಹೊರರಾಜ್ಯದವರಿದ್ದರೆ ಸ್ಲೈಡು ಇಂಗ್ಲಿಷಿನಲ್ಲಿಟ್ಟು ಮಾತು ಕನ್ನಡದಲ್ಲಾಡಿ, ತಂಡದ ಇನ್ನೊಬ್ಬರು ಎರಡೆರಡು ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಹೇಳಲಿ. ‘ನಮ್ಮ ಆ್ಯಪ್ ಕನ್ನಡದಲ್ಲಿದೆ’ ಎಂದು ಇಂಗ್ಲಿಷಿನಲ್ಲಿ ಹೊಗಳಿಕೊಂಡು, ಒಳಗೆ ಊರಿನ ಹೆಸರು ಮಾತ್ರ ಕನ್ನಡದಲ್ಲಿಟ್ಟವರಿಗೆ ನಾನು ಕಡಿಮೆ ಕೊಟ್ಟದ್ದುಂಟು.

ಪ್ರಶ್ನೆ: ತದಡಿಯಿಂದ ಅಘನಾಶಿನಿಗೆ ನಾವು ಬಾರ್ಜಿನಲ್ಲಿ ದಾಟುತ್ತೇವೆ. ನೀವು ಹೇಳುವ ಬಸ್ಸಿನ ಮ್ಯಾಪುಗಳಲ್ಲಿ ನಮ್ಮ ಬಾರ್ಜಿಗೆ ಜಾಗವಿದೆಯಾ?
– ಓದುಗ, ಗೋಕರ್ಣ

ಉತ್ತರ: ಇದೆ. ಜಿಟಿಎಫ್‌ಎಸ್‌ನಲ್ಲಿ ರೈಲಿಗೆ 2, ಬಸ್ಸಿಗೆ 3, ದೋಣಿಗೆ 4. ಆ 4 ಬರೆದ ಒಂದು ಸಾಲು ಸೇರಿಸಿದರೆ ಮಿರ್ಜಾನ್-ಕುಮಟಾ ಸುತ್ತುವ ದಾರಿಯನ್ನು ಕಂಪ್ಯೂಟರ್ ತಾನೇ ಬಿಟ್ಟುಕೊಡುತ್ತದೆ. ಸಮಯ ಮಾತ್ರ ಬಾರ್ಜಿನವರನ್ನೇ ಕೇಳಿ ಬರೆಯಬೇಕು. ಈ ಪ್ರಶ್ನೆ ಹಿಡಿದು ಯಾವ ತಂಡವೂ ಇನ್ನೂ ನನ್ನ ಹತ್ತಿರ ಬಂದಿಲ್ಲ, ಬಂದರೆ ಊಟ ಹಾಕಿಸುತ್ತೇನೆ.

ಪ್ರಶ್ನೆ: ಅರ್ಜಿಯಲ್ಲಿ ‘ಇಲ್ಲಿ ಮಾಡಿದ್ದೆಲ್ಲ ಆಯೋಜಕರಿಗೆ ಸೇರಿದ್ದು’ ಎಂಬ ಸಾಲಿದೆ. ಸಹಿ ಹಾಕಬಹುದೇ?
– ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಓದಿದ್ದಕ್ಕೆ ಭೇಷ್. ಹಾಕುವ ಮೊದಲು ಕೇಳು. ನಿಮ್ಮ ಕೆಲಸವನ್ನು ತೋರಿಸಲು, ಪ್ರಚಾರಕ್ಕೆ ಬಳಸಲು ಅನುಮತಿ ಎಂದಿದ್ದರೆ ತೊಂದರೆಯಿಲ್ಲ. ಪೂರ್ತಿ ಹಕ್ಕು ಅವರದ್ದೇ ಎಂದಿದ್ದರೆ ಆ ಹ್ಯಾಕಥಾನ್ ಬಿಟ್ಟು ಬೇರೆಯದಕ್ಕೆ ಹೋಗು. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಹೆಸರು ಹಾಕುವುದು ಷರತ್ತು, ಅದನ್ನೂ ಮರೆಯಬೇಡ.

ಪ್ರಶ್ನೆ: ಕೋಡು ಪೂರ್ತಿ ಚಾಟ್‌ಜಿಪಿಟಿಯಿಂದ ಬರೆಸಿದರೆ ತಪ್ಪಾ?
– ಹೆಸರು ಬೇಡ, ಭಟ್ಕಳ

ಉತ್ತರ: ನಿಯಮದಲ್ಲಿ ಬೇಡ ಎಂದಿದ್ದರೆ ತಪ್ಪು, ಇಲ್ಲದಿದ್ದರೆ ಬರೆಸು. ಆದರೆ ಅದರ ಹತ್ತಿರ ಬಸ್ಸಿನ ಸಮಯ ಕೇಳಬೇಡ. ಭಟ್ಕಳದಿಂದ ಮುರುಡೇಶ್ವರಕ್ಕೆ ಬಸ್ಸೆಷ್ಟಿವೆ ಎಂದು ಇಂಥದ್ದೊಂದನ್ನು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ಚಂದದ ಪಟ್ಟಿ ಕೊಟ್ಟಿತು, ನಿಮಿಷದ ಸಮೇತ, ನಡುವೆ ಊರಲ್ಲಿಲ್ಲದ ಒಂದು ಸ್ಟಾಪೂ ಇತ್ತು. ಕೋಡು ಬರೆಸಿದರೂ ಪ್ರತಿ ಸಾಲು ಏನು ಮಾಡುತ್ತದೆ ಎಂದು ತಿಳಿದುಕೊಂಡು ಹೋಗು. ‘ಈ ಸಾಲು ತೆಗೆದರೆ ಏನಾಗುತ್ತದೆ?’ ಎಂದು ನಾನು ಬೆರಳಿಟ್ಟು ಕೇಳುವವಳು. ಆ ದಿನ ಹುಬ್ಬಳ್ಳಿಯಲ್ಲಿ ನಾನೇ ಕೂತಿರಲೂಬಹುದು.